ಯಂತ್ರ ಬೇಡ ಎಂದದ್ದಕ್ಕೆ ಮನುಷ್ಯ ಹೂಂ ಎನ್ನುವಾಗ

2008ರ ಮೇ 13ರಂದು ಡೆಬಿಯನ್ ಲಿನಕ್ಸ್ ತಂಡ ಒಂದು ಭದ್ರತಾ ಪ್ರಕಟಣೆ ಹೊರಡಿಸಿತು. ಅದನ್ನು ಓದಿದ ಸರ್ವರ್ ನಿರ್ವಾಹಕರು ಕೈಲಿದ್ದ ಕೆಲಸ ಬಿಟ್ಟು ಕೀಲಿಗಳನ್ನು ಬದಲಿಸಲು ಕೂತರು. 2006ರ ಸೆಪ್ಟೆಂಬರ್‌ನಿಂದೀಚೆಗೆ ಡೆಬಿಯನ್‌ನಲ್ಲಿ ಮತ್ತು ಅದನ್ನೇ ಆಧರಿಸಿದ ಉಬುಂಟುವಿನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪೀಕರಣ ಲೈಬ್ರರಿಯ ಮೂಲಕ ತಯಾರಾದ ಎಸ್‌ಎಸ್‌ಎಚ್ ಕೀಲಿಗಳು, ವಿಪಿಎನ್ ಕೀಲಿಗಳು, ವೆಬ್‌ಸೈಟ್ ಪ್ರಮಾಣಪತ್ರಗಳ ಕೀಲಿಗಳು ಊಹೆಗೆ ಸಿಗುವಷ್ಟು ದುರ್ಬಲವಾಗಿವೆ ಎಂಬುದು ಅದರ ಸಾರ. ಕೀಲಿಯ ಬಲವೆಲ್ಲ ಇರುವುದು ಅದು ಹುಟ್ಟುವಾಗ ಬಳಸಿದ ಅಂಕಿಗಳನ್ನು ಯಾರೂ ಮುಂಗಾಣಲಾಗದು ಎಂಬುದರಲ್ಲಿ. ಓಪನ್‌ಎಸ್‌ಎಸ್‌ಎಲ್ ಅಂಥ ಅಂಕಿಗಳನ್ನು ಹಲವು ಮೂಲಗಳಿಂದ ಕಲೆಹಾಕಿ ಬೆರೆಸುತ್ತದೆ. ಡೆಬಿಯನ್ನಿನ ಆವೃತ್ತಿಯಲ್ಲಿ ಆ ಬೆರಕೆಯೇ ನಿಂತುಹೋಗಿತ್ತು. ಉಳಿದದ್ದು, ಓಡುತ್ತಿರುವ ಪ್ರೋಗ್ರಾಂಗೆ ಆಪರೇಟಿಂಗ್ ಸಿಸ್ಟಂ ಕೊಡುವ ಪ್ರೊಸೆಸ್ ಸಂಖ್ಯೆಯೊಂದೇ. ಲಿನಕ್ಸ್‌ನಲ್ಲಿ ಅದು ಆಗ ಸಾಮಾನ್ಯವಾಗಿ 32,768ರ ಒಳಗಿರುತ್ತಿತ್ತು. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿ ಮಾಡಹೊರಟರೆ ಸಿಗಬಹುದಾದ ಕೀಲಿಗಳೂ ಅಷ್ಟೇ. ಅವನ್ನೆಲ್ಲ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ತಿರುಗಿಸಿ ನೋಡುವುದು ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ.

ಇದರ ಹಿಂದೆ ಯಾರ ಕೆಟ್ಟ ಉದ್ದೇಶವೂ ಇರಲಿಲ್ಲ. ಇದ್ದದ್ದು ಒಂದು ವಾರ್ನಿಂಗ್, ಅದನ್ನು ಹೋಗಲಾಡಿಸಬೇಕೆಂಬ ಒಳ್ಳೆಯ ಆಸೆ.

ವಾಲ್‌ಗ್ರೈಂಡ್ ಎಂಬ ಟೂಲ್ ಪ್ರೋಗ್ರಾಂ ಓಡುವಾಗ ಅದರ ಮೆಮೊರಿಯನ್ನು ಕಾಯುತ್ತದೆ. ಬೆಲೆ ತುಂಬದ ಜಾಗವನ್ನು ಯಾರಾದರೂ ಓದಿ ಬಳಸಿದರೆ ಕೂಗುತ್ತದೆ. ಓಪನ್‌ಎಸ್‌ಎಸ್‌ಎಲ್ ಬಳಸುವ ಪ್ರೋಗ್ರಾಂಗಳನ್ನು ಪರೀಕ್ಷಿಸುವಾಗ ಅದು ರಾಶಿ ವಾರ್ನಿಂಗ್ ಕೊಡುತ್ತಿತ್ತು. ಬೆನ್ನು ಹತ್ತಿ ಹೋದರೆ ಮೂಲ ಸಿಕ್ಕಿದ್ದು ಒಂದೇ ಕಡತದ ಎರಡು ಸಾಲುಗಳಲ್ಲಿ. ಎರಡೂ ಸಾಲುಗಳು ಅಕ್ಷರಶಃ ಒಂದೇ ತೆರ. ಒಂದು ಇದ್ದದ್ದು ಯಾದೃಚ್ಛಿಕ ಅಂಕಿಗಳನ್ನು ಹೊರಗೆ ಕೊಡುವ ಫಂಕ್ಷನ್ನಿನಲ್ಲಿ. ಅದನ್ನು ತೆಗೆದರೆ ನಷ್ಟವಿಲ್ಲ. ಇನ್ನೊಂದು ಇದ್ದದ್ದು ಹೊರಗಿನಿಂದ ಬಂದ ಅಂಕಿಗಳನ್ನು ಒಳಗೆ ಬೆರೆಸುವ ಫಂಕ್ಷನ್ನಿನಲ್ಲಿ. ಇಡೀ ವ್ಯವಸ್ಥೆಯ ಜೀವ ಅದು. ಡೆಬಿಯನ್ ಕಡೆಯವರು ಓಪನ್‌ಎಸ್‌ಎಸ್‌ಎಲ್ ಅಭಿವೃದ್ಧಿ ಬಳಗವನ್ನು ಕೇಳದೇ ಇರಲಿಲ್ಲ. ವಾಲ್‌ಗ್ರೈಂಡ್ ಇಟ್ಟು ಡೀಬಗ್ ಮಾಡುವಾಗ ಹೀಗಾಗುತ್ತಿದೆ, ಈ ಎರಡು ಸಾಲು ತೆಗೆಯೋಣವೇ, ಇದರ ಪರಿಣಾಮ ನನಗೆ ಪೂರ್ತಿ ತಿಳಿಯದು ಎಂದು ಪ್ರಾಮಾಣಿಕವಾಗಿಯೇ ಕೇಳಿದ್ದರು. ಡೀಬಗ್ ಮಾಡಲು ನೆರವಾಗುವುದಾದರೆ ತೆಗೆಯುವುದಕ್ಕೆ ನನ್ನ ಒಲವಿದೆ ಎಂಬ ಉತ್ತರವೂ ಬಂತು. ಕೇಳಿದವರ ಮನಸ್ಸಿನಲ್ಲಿದ್ದದ್ದು ಎಲ್ಲ ಬಳಕೆದಾರರಿಗೂ ಹೋಗುವ ಪ್ಯಾಕೇಜು. ಉತ್ತರಿಸಿದವರ ಮನಸ್ಸಿನಲ್ಲಿದ್ದದ್ದು ಒಬ್ಬ ಪ್ರೋಗ್ರಾಮರ್ ತನ್ನ ಮೇಜಿನ ಮೇಲೆ ಮಾಡಿಕೊಳ್ಳುವ ಪರೀಕ್ಷೆ. ಈ ಎರಡರ ನಡುವಿನ ಅಂತರವನ್ನು ಯಾರೂ ಬರೆದಿಡಲಿಲ್ಲ. ಎರಡೂ ಸಾಲುಗಳು ಹೋದವು.

ನನ್ನನ್ನು ಹೆಚ್ಚು ಕಾಡುವ ವಿವರ ಮುಂದಿನದು. ಆ ಕಡತದಲ್ಲಿ ನಿರುಪದ್ರವಿ ಸಾಲಿನ ಪಕ್ಕ ಎಷ್ಟೋ ವರ್ಷಗಳಿಂದ ಒಂದು ಟಿಪ್ಪಣಿ ಇತ್ತು: ‘ಪ್ಯೂರಿಫೈ ತಕರಾರು ಮಾಡುತ್ತದೆ’ ಎಂದಷ್ಟೇ. ಪ್ಯೂರಿಫೈ ಎಂಬುದು ವಾಲ್‌ಗ್ರೈಂಡ್‌ನಂಥದೇ ಇನ್ನೊಂದು ಟೂಲ್. ಪರೀಕ್ಷೆಗೆ ಕೂತಾಗ ಮಾತ್ರ ಆ ಸಾಲನ್ನು ಬಿಟ್ಟು ಕಂಪೈಲ್ ಮಾಡಿಕೊಳ್ಳಲು ಒಂದು ಸ್ವಿಚ್ಚನ್ನೂ ಮೂಲ ಬರಹಗಾರರು ಇಟ್ಟಿದ್ದರು. ಅಂದರೆ ವಿನಾಯಿತಿ ಮೊದಲೇ ಇತ್ತು, ಸರಿಯಾದ ಜಾಗದಲ್ಲೇ ಇತ್ತು. ಇರದಿದ್ದದ್ದು ಅದರ ಕಾರಣ. ಈ ಸಾಲು ಯಾಕೆ ಹೋದರೂ ಪರವಾಗಿಲ್ಲ, ಮೇಲೆ ಇದೇ ರೂಪದಲ್ಲಿರುವ ಇನ್ನೊಂದು ಸಾಲು ಯಾಕೆ ಹೋಗಕೂಡದು ಎಂದು ಮತ್ತೆರಡು ವಾಕ್ಯ ಬರೆದಿದ್ದರೆ ಆ ಇಪ್ಪತ್ತು ತಿಂಗಳ ಅನಾಹುತ ತಪ್ಪುವ ಸಾಧ್ಯತೆ ಬಹಳ ಇತ್ತು.

ಸಾಫ್ಟ್‌ವೇರ್ ಕಚೇರಿಗಳಲ್ಲಿ ದಿನವೂ ನಡೆಯುವ, ಆದರೆ ಯಾರೂ ಗಂಭೀರವಾಗಿ ಬರೆಯದ ಒಂದು ಕೆಲಸದ ಬಗ್ಗೆ ಹೇಳುವುದಕ್ಕೆ ನಾನು ಈ ಕಥೆ ಎತ್ತಿಕೊಂಡೆ. ಕೋಡ್ ತಪಾಸಣೆಯ ಟೂಲ್ ಬೇಡ ಎಂದದ್ದನ್ನು, ಕಾರಣ ಹೇಳಿ, ಒಪ್ಪಿಗೆ ಪಡೆದು ಉಳಿಸಿಕೊಳ್ಳುವ ಕೆಲಸ ಅದು. ಕಚೇರಿಯ ಮಾತಿನಲ್ಲಿ ಎಕ್ಸೆಪ್ಷನ್ ರಿಕ್ವೆಸ್ಟ್; ಕೆಲವೆಡೆ ವೇವರ್, ಕಾರು ತಯಾರಿಕೆಯ ಲೋಕದಲ್ಲಿ ಡೀವಿಯೇಷನ್. ಇಂದು ಕೋಡ್ ಬರೆದು ಸಲ್ಲಿಸಿದ ಕೂಡಲೇ ಪೈಪ್‌ಲೈನ್‌ನಲ್ಲಿ ಕೂತ ಟೂಲ್ ಅದನ್ನು ಓದುತ್ತದೆ. ಬಳಸದೆ ಬಿಟ್ಟ ವೇರಿಯಬಲ್, ಹಿಡಿಯದೆ ಬಿಟ್ಟ ಎರರ್, ಡೇಟಾಬೇಸಿಗೆ ನೇರ ಹೋಗುವ ಬಳಕೆದಾರನ ಇನ್‌ಪುಟ್, ಅತಿ ಉದ್ದದ ಫಂಕ್ಷನ್, ಹೀಗೆ ನೂರಾರು ನಿಯಮಗಳಿಗೆ ಹೋಲಿಸಿ ಆಕ್ಷೇಪ ಎತ್ತುತ್ತದೆ. ಆಕ್ಷೇಪ ಗಂಭೀರವಾದರೆ ಬಿಲ್ಡ್ ಕೆಂಪಾಗುತ್ತದೆ, ಕೋಡ್ ಮುಂದೆ ಹೋಗುವುದಿಲ್ಲ. ಆಗ ಎದುರಿಗಿರುವ ದಾರಿಗಳು ಮೂರು. ಕೋಡ್ ತಿದ್ದುವುದು, ಟೂಲಿನ ಬಾಯಿ ಕಟ್ಟುವುದು, ಇಲ್ಲವೇ ವಿನಾಯಿತಿ ಕೇಳುವುದು.

ತಿದ್ದುವುದೇ ಯಾವಾಗಲೂ ಒಳ್ಳೆಯದು ಎಂಬ ಭಾವನೆ ಹೊಸಬರಲ್ಲಿ ಗಟ್ಟಿಯಾಗಿದೆ. ಡೆಬಿಯನ್ನಿನಲ್ಲಿ ಆದದ್ದೂ ತಿದ್ದುವ ಕೆಲಸವೇ. ಟೂಲ್ ಹೇಳಿದ್ದನ್ನು ನೂರಕ್ಕೆ ನೂರು ನಂಬಿ, ಆಕ್ಷೇಪ ಬರದ ಹಾಗೆ ಕೋಡ್ ಬದಲಿಸಿದ್ದು. ವಿನಾಯಿತಿ ಪಡೆಯಬೇಕಾದ ಕಡೆ ತಿದ್ದುಪಡಿ ಮಾಡಿದರೆ, ತಿದ್ದಬೇಕಾದ ಕಡೆ ವಿನಾಯಿತಿ ಪಡೆದಷ್ಟೇ ಅಪಾಯ. ಹಾಗಾಗಿ ವಿನಾಯಿತಿ ಕೇಳುವುದನ್ನು ಸೋಮಾರಿತನ ಎಂದು ಎಣಿಸುವ ಟೀಮುಗಳು ತಮಗೇ ಕೇಡು ತಂದುಕೊಳ್ಳುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಟೂಲುಗಳು ತಪ್ಪು ಆಕ್ಷೇಪ ಎತ್ತುವುದಕ್ಕೆ ಅವನ್ನು ಮಾಡಿದವರ ಅಜಾಗರೂಕತೆ ಕಾರಣವಲ್ಲ. 1953ರಲ್ಲಿ ಹೆನ್ರಿ ಗಾರ್ಡನ್ ರೈಸ್ ಎಂಬ ಗಣಿತಜ್ಞ ಪ್ರಕಟಿಸಿದ ಪ್ರಮೇಯವೊಂದಿದೆ. ಪ್ರೋಗ್ರಾಂ ಹೇಗೆ ವರ್ತಿಸುತ್ತದೆ ಎಂಬ ಬಗ್ಗೆ ಯಾವುದೇ ಅರ್ಥವುಳ್ಳ ಪ್ರಶ್ನೆ ಕೇಳಿ. ಎಲ್ಲ ಪ್ರೋಗ್ರಾಂಗಳಿಗೂ ತಪ್ಪದೆ ಸರಿಯುತ್ತರ ಕೊಡುವ ವಿಧಾನ ಇರುವುದು ಸಾಧ್ಯವಿಲ್ಲ ಎನ್ನುತ್ತದೆ ಅದು. ಆದ್ದರಿಂದ ಟೂಲ್ ಮಾಡುವವರು ಅಂದಾಜಿಗೆ ಇಳಿಯಲೇಬೇಕು. ಜರಡಿಗೆ ಗಾತ್ರ ಗೊತ್ತು, ಕಣ್ಣಿನಿಂದ ತಪ್ಪಿಸಿಕೊಂಡಿದ್ದು ಕಲ್ಲೋ ಕಾಳೋ ಗೊತ್ತಿಲ್ಲ. ಟೂಲಿನ ಪಾಡೂ ಅದೇ. ಆಯ್ದು ನೋಡಲು ಕೈ ಬೇಕು. 1978ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ಬರೆದ ಲಿಂಟ್, ಸಿ ಭಾಷೆಯ ಕೋಡನ್ನು ಜಾಲಾಡುವ ಟೂಲುಗಳ ಹಿರಿಯಣ್ಣ. ಕೋಡಿನ ನಡುವೆ ‘ಈ ಜಾಗಕ್ಕೆ ಪ್ರೋಗ್ರಾಂ ತಲುಪುವುದಿಲ್ಲ’ ಎಂದು ಒಂದು ನಿಗದಿತ ಟಿಪ್ಪಣಿ ಬರೆದರೆ ಅದು ಸುಮ್ಮನಾಗುತ್ತಿತ್ತು. ಆಕ್ಷೇಪವೂ ವಿನಾಯಿತಿಯೂ ಜೊತೆಗೇ ಬೆಳೆದಿವೆ.

ವಿನಾಯಿತಿ ಕೇಳುವವರು ಮೊದಲು ತಮಗೆ ತಾವೇ ಸ್ಪಷ್ಟ ಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. ಟೂಲ್ ಹೇಳಿದ್ದು ತಪ್ಪು ಎನ್ನುತ್ತಿದ್ದೇವೆಯೋ, ಅಥವಾ ಹೇಳಿದ್ದು ಸರಿ, ಆದರೂ ಈ ಅಪಾಯವನ್ನು ಹೊರಲು ಸಿದ್ಧ ಎನ್ನುತ್ತಿದ್ದೇವೆಯೋ? ಮೊದಲನೆಯದು ಫಾಲ್ಸ್ ಪಾಸಿಟಿವ್. ಅದಕ್ಕೆ ಬೇಕಾದದ್ದು ಪುರಾವೆ. ಎರಡನೆಯದು ಸಾಲ, ಅದಕ್ಕೆ ಬೇಕಾದದ್ದು ಹೊಣೆ ಹೊರುವ ಹೆಸರು ಮತ್ತು ತೀರಿಸುವ ದಿನ. ಸೋನಾರ್‌ಕ್ಯೂಬ್‌ನಂಥ ಟೂಲಿನಲ್ಲಿ ಇವೆರಡಕ್ಕೂ ಬೇರೆಬೇರೆ ಆಯ್ಕೆಗಳಿವೆ, ಒಂದು ಫಾಲ್ಸ್ ಪಾಸಿಟಿವ್, ಇನ್ನೊಂದು ಆಕ್ಸೆಪ್ಟ್. ಆದರೂ ಕೈಗೆ ಮೊದಲು ಸಿಕ್ಕಿದ್ದನ್ನು ಒತ್ತಿ ಮುಂದೆ ಹೋಗುವವರೇ ಹೆಚ್ಚು. ಸಾಲವನ್ನೆಲ್ಲ ಫಾಲ್ಸ್ ಪಾಸಿಟಿವ್ ಎಂದು ಬರೆದಿಟ್ಟ ಪ್ರಾಜೆಕ್ಟು ಹೊರಗಿನಿಂದ ಋಣಮುಕ್ತವಾಗಿ ಕಾಣುತ್ತದೆ. ಆರು ತಿಂಗಳ ನಂತರ ಹೊಸದಾಗಿ ಬಂದ ಎಂಜಿನಿಯರಿಗೆ ಯಾವುದನ್ನು ನಂಬಬೇಕೆಂದೇ ತಿಳಿಯುವುದಿಲ್ಲ.

ಒಪ್ಪಿಗೆ ಪಡೆದ, ಚರ್ಚಿಸಿದ, ಹಲವರು ಸಹಿ ಹಾಕಿದ ವಿನಾಯಿತಿಯೂ ಹೇಗೆ ಕೈಕೊಡಬಹುದು ಎಂಬುದಕ್ಕೆ 1996ರ ಜೂನ್ 4ರ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಹೊರಟ ರಾಕೆಟ್ಟು ನಲವತ್ತು ಸೆಕೆಂಡು ತುಂಬುವುದರೊಳಗೆ, ಸುಮಾರು 3,700 ಮೀಟರ್ ಎತ್ತರದಲ್ಲಿ ದಾರಿ ತಪ್ಪಿ ಒಡೆದು ಸಿಡಿಯಿತು. ಅದರಲ್ಲಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳು ನಾಶವಾದವು. ದಿಕ್ಕು ತಿಳಿಸುವ ಕಂಪ್ಯೂಟರಿನಲ್ಲಿ 64 ಬಿಟ್‌ನ ಒಂದು ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುರುಕುವಾಗ ಅದು ಹಿಡಿಸಲಿಲ್ಲ. ಕಂಪ್ಯೂಟರ್ ಕೈಚೆಲ್ಲಿತು. ಬದಲಿಗಿದ್ದ ಜೋಡಿ ಕಂಪ್ಯೂಟರಿನಲ್ಲಿಯೂ ಅದೇ ಸಾಫ್ಟ್‌ವೇರ್ ಇದ್ದದ್ದರಿಂದ ಅದೂ ಹಾಗೇ ಮಾಡಿತು.

ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿ ಹೊರತೆಗೆದ ಸಂಗತಿ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಹೀಗೆ ತುಂಬಿ ತುಳುಕುವ ಅಪಾಯವಿದ್ದ ಏಳು ವೇರಿಯಬಲ್‌ಗಳನ್ನು ಸಾಫ್ಟ್‌ವೇರ್ ಬರೆದವರು ಮೊದಲೇ ಗುರುತಿಸಿದ್ದರು. ಆದರೆ ಕಂಪ್ಯೂಟರಿನ ಮೇಲಿನ ಹೊರೆ 80 ಪ್ರತಿಶತ ಮೀರಬಾರದು ಎಂಬ ಗುರಿ ಇತ್ತು. ಹಾಗಾಗಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಹಾಗೇ ಬಿಟ್ಟರು. ಆ ಮೂರರ ಬೆಲೆ ಅಷ್ಟು ದೊಡ್ಡದಾಗಲು ಸಾಧ್ಯವೇ ಇಲ್ಲ ಎಂಬ ತರ್ಕ, ಆ ಸಾಫ್ಟ್‌ವೇರ್ ಮೊದಲು ಬಳಕೆಯಾಗಿದ್ದ ಹಿಂದಿನ ರಾಕೆಟ್ ಏರಿಯಾನ್ 4ರ ಹಾರಾಟದ ದಾರಿಗೆ ಸರಿಯಾಗಿಯೇ ಇತ್ತು. ನಿರ್ಧಾರ ಒಬ್ಬರದಲ್ಲ, ಗುತ್ತಿಗೆಯ ಹಲವು ಹಂತಗಳಲ್ಲಿದ್ದ ಪಾಲುದಾರರು ಸೇರಿ ತೆಗೆದುಕೊಂಡದ್ದು. ಇನ್ನೇನು ಬೇಕು? ಕೊರತೆ ಇದ್ದದ್ದು ಒಂದೇ: ಆ ನಿರ್ಧಾರದ ಸಮರ್ಥನೆ ಮೂಲ ಕೋಡಿನಲ್ಲಿ ನೇರವಾಗಿ ಎಲ್ಲಿಯೂ ಇರಲಿಲ್ಲ. ದಾಖಲೆಗಳ ರಾಶಿಯಲ್ಲಿ ಅದು ಮರೆಯಾಗಿತ್ತು. ಏರಿಯಾನ್ 5ರ ಅಡ್ಡವೇಗ ಬಹಳ ಹೆಚ್ಚು. ಹಳೆಯ ಸಾಫ್ಟ್‌ವೇರ್ ಹೊಸ ರಾಕೆಟ್ಟಿಗೆ ಬಂತು, ವಿನಾಯಿತಿಯೂ ಜೊತೆಯಲ್ಲೇ ಬಂತು, ಅದು ನಿಂತಿದ್ದ ನೆಲ ಮಾತ್ರ ಹಿಂದೆಯೇ ಉಳಿಯಿತು. ಆ ಲೆಕ್ಕ ನಡೆಸುತ್ತಿದ್ದ ಭಾಗಕ್ಕೆ ಏರಿಯಾನ್ 5 ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ ಎಂಬುದನ್ನು ಓದಿದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಅಲ್ಲಿದ್ದದ್ದು ಇಂದಿನಂಥ ಟೂಲ್ ಎತ್ತಿದ ಆಕ್ಷೇಪವಲ್ಲ, ಎಂಜಿನಿಯರುಗಳೇ ಮಾಡಿದ ವಿಶ್ಲೇಷಣೆ. ನಿರ್ಧಾರದ ಸ್ವರೂಪ ಮಾತ್ರ ಒಂದೇ. ಅಪಾಯ ಇದೆಯೆಂದು ಗೊತ್ತಿದ್ದೂ, ಇಂಥ ಕಾರಣಕ್ಕೆ ಬಿಟ್ಟಿದ್ದೇವೆ ಎನ್ನುವುದು. ಆ ‘ಇಂಥ ಕಾರಣ’ ಯಾವ ಸ್ಥಿತಿಯಲ್ಲಿ ಸುಳ್ಳಾಗುತ್ತದೆ ಎಂಬುದೂ ಜೊತೆಗಿರಬೇಕು. ಒಳ್ಳೆಯ ವಿನಾಯಿತಿಯ ತಿರುಳು ನನ್ನ ಪ್ರಕಾರ ಈ ಕೊನೆಯ ವಾಕ್ಯವೇ.

ಇದನ್ನು ಶಿಸ್ತಾಗಿ ಮಾಡಿದವರು ಕಾರು ಉದ್ಯಮದವರು. ಬ್ರಿಟನ್ನಿನಲ್ಲಿ ಹುಟ್ಟಿದ ಮಿಸ್ರಾ ಕೂಟ 1998ರಲ್ಲಿ ಸಿ ಭಾಷೆಯ ಬಳಕೆಗೆ ಮೊದಲ ನಿಯಮಾವಳಿ ತಂದಿತು. 2012ರ ಆವೃತ್ತಿಯಿಂದ ಅದರ ನಿಯಮಗಳು ಮೂರು ದರ್ಜೆಯವು. ಕಡ್ಡಾಯ ದರ್ಜೆಯವಕ್ಕೆ ವಿನಾಯಿತಿ ಎಂಬುದೇ ಇಲ್ಲ. ಅಗತ್ಯ ದರ್ಜೆಯದನ್ನು ಮೀರಬೇಕಾದರೆ ಲಿಖಿತ ಡೀವಿಯೇಷನ್ ಬೇಕು. ಸಲಹೆ ದರ್ಜೆಯವಕ್ಕೆ ಅಷ್ಟು ಬಿಗಿಯಿಲ್ಲ. ಬೆಂಗಳೂರಿನಲ್ಲಿ ಬ್ರೇಕು, ಎಂಜಿನ್, ಬ್ಯಾಟರಿ ನಿಯಂತ್ರಣದ ಸಾಫ್ಟ್‌ವೇರ್ ಬರೆಯುವ ದೊಡ್ಡ ಬಳಗವೇ ಇದೆ. ಅವರಿಗೆ ಈ ಪದಗಳು ಊಟ ತಿಂಡಿಯಷ್ಟು ಪರಿಚಿತ.

ಒಂದು ಅರ್ಜಿಯನ್ನು ಊಹಿಸಿಕೊಳ್ಳೋಣ. ಮಿಸ್ರಾದ 21.3ನೇ ನಿಯಮ, ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯ ಮಾಲಕ್, ಫ್ರೀ ಮುಂತಾದವನ್ನು ಬಳಸಿ ಪ್ರೋಗ್ರಾಂ ಓಡುವಾಗ ಮೆಮೊರಿ ಪಡೆಯುವುದನ್ನು ಬೇಡ ಎನ್ನುತ್ತದೆ. ಗಾಡಿ ಓಡುತ್ತಿರುವಾಗ ಮೆಮೊರಿ ಸಿಗದೆ ಹೋದರೆ ಏನು ಗತಿ ಎಂಬುದು ಅದರ ಹಿಂದಿನ ಕಳವಳ. ಈಗ ಹೊರಗಿನಿಂದ ಕೊಂಡ ಸಂವಹನ ಲೈಬ್ರರಿಯೊಂದು ಶುರುವಾಗುವಾಗ ಒಂದು ಸಲ ಮಾಲಕ್ ಕರೆಯುತ್ತದೆ. ಟೂಲ್ ಆಕ್ಷೇಪ ಎತ್ತುತ್ತದೆ. ಸಾಮಾನ್ಯವಾಗಿ ಬರುವ ಅರ್ಜಿ ಹೀಗಿರುತ್ತದೆ: ‘ಥರ್ಡ್ ಪಾರ್ಟಿ ಕೋಡ್, ಬದಲಿಸಲು ಆಗುವುದಿಲ್ಲ, ದಯವಿಟ್ಟು ಅಪ್ರೂವ್ ಮಾಡಿ.’ ಇದರಲ್ಲಿ ಒಪ್ಪುವವರಿಗೆ ಯೋಚಿಸಲು ಏನೂ ಇಲ್ಲ. ನಾನು ನೋಡಬಯಸುವ ಅರ್ಜಿ ಹೀಗಿರುತ್ತದೆ: ‘ಈ ಕಡತದ ಈ ಒಂದು ಫಂಕ್ಷನ್‌ಗೆ ಮಾತ್ರ. ಮಾಲಕ್ ಕರೆ ಗಾಡಿ ಆನ್ ಆದಾಗ, ಚಕ್ರ ತಿರುಗುವ ಮೊದಲು, ಒಮ್ಮೆ ಮಾತ್ರ ಆಗುತ್ತದೆ. ಆಗ ಮೆಮೊರಿ ಸಿಗದಿದ್ದರೆ ಸಿಸ್ಟಂ ಶುರುವಾಗುವುದಿಲ್ಲ, ಚಾಲಕರಿಗೆ ದೀಪ ಹೊತ್ತುತ್ತದೆ. ಶುರುವಾದ ಮೇಲೆ ಯಾರಾದರೂ ಮಾಲಕ್ ಕರೆದರೆ ಪರೀಕ್ಷೆಯಲ್ಲಿ ಬಿಲ್ಡ್ ಬೀಳುವ ಹಾಗೆ ಕಾವಲು ಹಾಕಿದ್ದೇವೆ. ಫ್ರೀ ಎಲ್ಲಿಯೂ ಕರೆದಿಲ್ಲ. ಗಾಡಿ ಓಡುವಾಗಲೇ ಈ ಲೈಬ್ರರಿಯನ್ನು ನಿಲ್ಲಿಸಿ ಮತ್ತೆ ಶುರು ಮಾಡುವ ವ್ಯವಸ್ಥೆ ಎಂದಾದರೂ ಬಂದರೆ ಈ ವಿನಾಯಿತಿ ರದ್ದು. ಲೈಬ್ರರಿಯ ಮುಂದಿನ ಆವೃತ್ತಿ ತರುವಾಗ ಮರುಪರಿಶೀಲನೆ.’ ಓದಲು ಒಂದು ನಿಮಿಷ ಸಾಕು. ಬರೆಯಲು ಅರ್ಧ ದಿನ ಹಿಡಿಯಬಹುದು, ಯಾಕೆಂದರೆ ಫ್ರೀ ಎಲ್ಲಿಯೂ ಕರೆದಿಲ್ಲ ಎಂದು ಬರೆಯಬೇಕಾದರೆ ಹೋಗಿ ನೋಡಲೇಬೇಕು. ನೋಡಲು ಹೋದವರಿಗೆ ಕೆಲವೊಮ್ಮೆ ಕರೆದಿರುವುದೇ ಸಿಗುತ್ತದೆ. ಅರ್ಜಿ ಅಲ್ಲಿಗೆ ಮುಗಿದು ತಿದ್ದುವ ಕೆಲಸ ಶುರುವಾಗುತ್ತದೆ. ಅರ್ಜಿ ಬರೆಸುವುದರ ದೊಡ್ಡ ಲಾಭ ಇದೇ.

ಈ ವಿವರ ಎಲ್ಲಿರಬೇಕು ಎಂಬುದೂ ಮುಖ್ಯ. ಟಿಕೆಟ್ ವ್ಯವಸ್ಥೆಯಲ್ಲಿ ಪೂರ್ತಿ ಪಠ್ಯ ಇರಲಿ. ಕೋಡಿನಲ್ಲಿ, ಆ ಸಾಲಿನ ಮೇಲೆಯೇ, ಟಿಕೆಟ್ ಸಂಖ್ಯೆಯ ಜೊತೆ ಕಾರಣದ ಒಂದು ವಾಕ್ಯವಾದರೂ ಇರಬೇಕು. ಕಂಪನಿಗಳು ಟಿಕೆಟ್ ವ್ಯವಸ್ಥೆ ಬದಲಿಸುತ್ತವೆ, ಪ್ರಾಜೆಕ್ಟು ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಕೋಡಿನ ಜೊತೆ ಪ್ರಯಾಣ ಮಾಡುವುದು ಕೋಡಿನೊಳಗಿನ ಮಾತು ಮಾತ್ರ. ವ್ಯಾಪ್ತಿಯೂ ಅಷ್ಟೇ ಕಿರಿದಾಗಿರಬೇಕು. ಒಂದು ಸಾಲಿನ ತೊಂದರೆಗೆ ಇಡೀ ಫೋಲ್ಡರಿನ ಮೇಲೆ ನಿಯಮವನ್ನೇ ಆಫ್ ಮಾಡುವ ಅಭ್ಯಾಸ ಕಂಡರೆ ನಾನು ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಮುಂದಿನ ವರ್ಷ ಆ ಫೋಲ್ಡರಿಗೆ ಬರುವ, ಇನ್ನೂ ಯಾರೂ ಬರೆಯದ ಕೋಡಿಗೂ ಇಂದೇ ಮಾಫಿ ಕೊಟ್ಟಂತಾಗುತ್ತದೆ. ಈಗ ಎಐ ಸಹಾಯಕಗಳೂ ಕೋಡ್ ಬರೆಯುತ್ತಿವೆ. ಬಿಲ್ಡ್ ಹಸಿರು ಮಾಡು ಎಂದರೆ ಅವು ಕೆಲವೊಮ್ಮೆ ಆಕ್ಷೇಪ ಬಂದ ಸಾಲಿನ ಮೇಲೆ ಬಾಯಿ ಕಟ್ಟುವ ಟಿಪ್ಪಣಿ ಸೇರಿಸಿಬಿಡುತ್ತವೆ. ರಿವ್ಯೂ ಮಾಡುವವರು ಹೊಸ ಕೋಡಿಗಿಂತ ಮೊದಲು ಹೊಸದಾಗಿ ಬಂದ ಇಂಥ ಟಿಪ್ಪಣಿಗಳನ್ನು ಹುಡುಕುವುದು ಒಳ್ಳೆಯದು.

ಒಪ್ಪಿಗೆ ಕೊಡುವವರ ಕಡೆಗೂ ನೋಡಬೇಕು. ‘ಸ್ವಲ್ಪ ಅಪ್ರೂವ್ ಮಾಡ್ಬಿಡಿ, ಇವತ್ತು ರಿಲೀಸ್ ಇದೆ’ ಎಂಬ ಮಾತು ಸಂಜೆ ಆರರ ಮೇಲೆ ಬಂದಾಗ ಬೇಡ ಎನ್ನುವುದು ಸುಲಭವಲ್ಲ. ಬರೆದವರೇ ತಮ್ಮ ವಿನಾಯಿತಿಗೆ ತಾವೇ ಒಪ್ಪಿಗೆ ಕೊಡುವಂತಿರಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದು, ಒಪ್ಪುವವರು ರಿಲೀಸಿನ ದಿನಾಂಕಕ್ಕೆ ಉತ್ತರ ಕೊಡಬೇಕಾದವರೇ ಆಗಿರಬಾರದು. ಒಪ್ಪುವವರು ಒಂದೇ ಪ್ರಶ್ನೆ ಕೇಳಿದರೂ ಸಾಕು: ಇದು ಯಾವಾಗ ತಪ್ಪಾಗುತ್ತದೆ? ಉತ್ತರ ಬರದಿದ್ದರೆ ವಿನಾಯಿತಿ ಕೇಳಿದವರಿಗೆ ಕೋಡು ಇನ್ನೂ ಅರ್ಥವಾಗಿಲ್ಲ.

ಒಂದೇ ನಿಯಮಕ್ಕೆ ಅರ್ಜಿ ಮೇಲೆ ಅರ್ಜಿ ಬರುತ್ತಿದ್ದರೆ ಪರಿಶೀಲಿಸಬೇಕಾದದ್ದು ನಿಯಮವನ್ನು. ಕವೆರಿಟಿ ಎಂಬ ಟೂಲನ್ನು ಕಟ್ಟಿ ಮಾರಿದವರು 2010ರಲ್ಲಿ ತಮ್ಮ ಅನುಭವ ಬರೆಯುತ್ತ, ಸುಳ್ಳು ಆಕ್ಷೇಪಗಳು 30 ಪ್ರತಿಶತ ಮೀರಿದರೆ ಜನ ಟೂಲನ್ನೇ ನಿರ್ಲಕ್ಷಿಸತೊಡಗುತ್ತಾರೆ, ನಿಜವಾದ ದೋಷವೂ ಆ ಗದ್ದಲದಲ್ಲಿ ಕಳೆದುಹೋಗುತ್ತದೆ ಎಂದಿದ್ದರು. ಗೂಗಲ್ ತನ್ನ ಟ್ರೈಕಾರ್ಡರ್ ವ್ಯವಸ್ಥೆಯಲ್ಲಿ ಪ್ರತಿ ಆಕ್ಷೇಪದ ಪಕ್ಕ ‘ಉಪಯೋಗವಿಲ್ಲ’ ಎಂಬ ಗುಂಡಿ ಇಟ್ಟಿತು. ಅದನ್ನು ಎಂಜಿನಿಯರುಗಳು ಒತ್ತುವ ಪ್ರಮಾಣ ಹೆಚ್ಚಾದರೆ ಆ ತಪಾಸಣೆ ಬರೆದವರು ಅದನ್ನು ಸರಿಪಡಿಸಬೇಕು, ಇಲ್ಲವಾದರೆ ಅದನ್ನು ನಿಲ್ಲಿಸಲಾಗುತ್ತದೆ. ಬಳಸುವವರ ದೃಷ್ಟಿಯಲ್ಲಿ ನಿಷ್ಪ್ರಯೋಜಕವಾದವು 10 ಪ್ರತಿಶತದೊಳಗೆ ಇರಬೇಕೆಂಬುದು ಅವರ ಗುರಿ. ವಿನಾಯಿತಿಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ನಿಯಮವಾರು ವಿಂಗಡಿಸಿ ನೋಡುವ ಟೀಮಿಗೆ ಈ ತಿಳಿವಳಿಕೆ ಖರ್ಚಿಲ್ಲದೆ ಸಿಗುತ್ತದೆ.

ಅವಧಿಯ ವಿಷಯದಲ್ಲಿ ಭಾಷೆಗಳೇ ಈಗ ನೆರವಿಗೆ ಬರುತ್ತಿವೆ. ಹಳೆಯ ಬಗೆಯ ಬಾಯಿ ಕಟ್ಟುವ ಟಿಪ್ಪಣಿ ಒಮ್ಮೆ ಬಂತೆಂದರೆ ಶಾಶ್ವತ. ಕೆಳಗಿನ ಕೋಡ್ ಬದಲಾಗಿ ಆಕ್ಷೇಪಕ್ಕೆ ಕಾರಣವೇ ಉಳಿಯದಿದ್ದರೂ ಅದು ಕೂತಿರುತ್ತದೆ, ನಾಳೆ ಅಲ್ಲೇ ಹುಟ್ಟುವ ನಿಜವಾದ ದೋಷವನ್ನು ಮುಚ್ಚುತ್ತದೆ. 2020ರಲ್ಲಿ ಟೈಪ್‌ಸ್ಕ್ರಿಪ್ಟ್ 3.9 ‘ಇಲ್ಲಿ ದೋಷ ನಿರೀಕ್ಷಿಸುತ್ತೇನೆ’ ಎಂಬ ಅರ್ಥದ ಟಿಪ್ಪಣಿಯನ್ನು ತಂದಿತು. ದೋಷ ಇಲ್ಲದೇ ಹೋದರೆ ಆ ಟಿಪ್ಪಣಿಯೇ ದೋಷವಾಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ರಸ್ಟ್ 1.81ರಲ್ಲಿ ‘ಎಕ್ಸ್‌ಪೆಕ್ಟ್’ ಎಂಬ ಸೂಚನೆ ಸೇರಿತು. ಯಾವ ವಾರ್ನಿಂಗ್ ಬರುತ್ತದೆ ಎಂದು ಅದರಲ್ಲಿ ಹೇಳಬೇಕು, ಯಾಕೆ ಬಿಟ್ಟಿದ್ದೇವೆ ಎಂಬ ಕಾರಣ ಬರೆಯಲು ಅದರಲ್ಲೇ ಜಾಗವಿದೆ. ವಾರ್ನಿಂಗ್ ಬರುವುದು ನಿಂತ ದಿನ, ಈ ವಿನಾಯಿತಿ ಇನ್ನು ಬೇಕಿಲ್ಲ ಎಂದು ಕಂಪೈಲರ್ ತಾನಾಗಿಯೇ ತಿಳಿಸುತ್ತದೆ. ಹಳೆಯ ಭಾಷೆಗಳಲ್ಲಿ ಕೆಲಸ ಮಾಡುವವರಿಗೂ ದಾರಿಯಿದೆ. ಜಾವಾಸ್ಕ್ರಿಪ್ಟಿನ ಇಎಸ್‌ಲಿಂಟ್, ಪೈಥಾನಿನ ಮೈಪೈ ಎರಡರಲ್ಲಿಯೂ ಕೆಲಸಕ್ಕೆ ಬಾರದ ವಿನಾಯಿತಿಗಳನ್ನು ತೋರಿಸುವ ಸೆಟ್ಟಿಂಗ್ ಇದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಅದನ್ನು ಇನ್ನೂ ಆನ್ ಮಾಡಿರದಿದ್ದರೆ ಈ ವಾರವೇ ಮಾಡಿ ನೋಡಿ. ಮೊದಲ ಸಲ ಬರುವ ಪಟ್ಟಿ ಉದ್ದವಾಗಿದ್ದರೆ ಗಾಬರಿಯಾಗದೆ, ಅತಿ ಹಳೆಯ ಸಾಲಿನಿಂದ ಶುರು ಮಾಡಿ.